‘ನಾಳೆ ಓದುತ್ತೇನೆ’ ಎನ್ನುವ ಮುನ್ನ



ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿರುವ ಅನುಗ್ರಹಗಳಲ್ಲಿ ಕೆಲವು ಕೈತಪ್ಪಿದರೂ ಮತ್ತೆ ದೊರೆಯುತ್ತವೆ. ಕಳೆದುಕೊಂಡ ಹಣವನ್ನು ದುಡಿದು ಗಳಿಸಬಹುದು. ಕೆಟ್ಟ ಆರೋಗ್ಯ ಚಿಕಿತ್ಸೆಯಿಂದ ಸುಧಾರಿಸಬಹುದು. ಮುನಿಸಿಕೊಂಡು ಹೋದ ಗೆಳೆಯ ಮರಳಿ ಬರಬಹುದು. ಆದರೆ ಕಳೆದುಹೋದ ಒಂದು ಘಳಿಗೆಯನ್ನು ಲೋಕದ ಸಂಪತ್ತನ್ನೆಲ್ಲ ಸುರಿದರೂ ಹಿಂದಕ್ಕೆ ತರಲಾಗದು.

ಪವಿತ್ರ ಕುರ್‌ಆನಿನ 103ನೆಯ ಅಧ್ಯಾಯ ‘ಅಲ್ ಅಸ್ರ್’ನಲ್ಲಿರುವುದು ಕೇವಲ 3 ಸೂಕ್ತಗಳು. ನಮ್ಮಲ್ಲಿ ಹೆಚ್ಚಿನವರು ಅದನ್ನು ಮದ್ರಸದ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿದ್ದೇವೆ. ಅದರಲ್ಲಿ ಅಲ್ಲಾಹನು ಕಾಲದ ಮೇಲೆ ಆಣೆ ಹಾಕಿ, ಮನುಷ್ಯನು ನಷ್ಟದಲ್ಲಿದ್ದಾನೆಂದು ಎಚ್ಚರಿಸುತ್ತಾನೆ. ಸತ್ಯವಿಶ್ವಾಸ ಸ್ವೀಕರಿಸಿ, ಸತ್ಕರ್ಮವೆಸಗಿ, ಪರಸ್ಪರರಿಗೆ ಸತ್ಯವನ್ನೂ ಸಹನೆಯನ್ನೂ ಬೋಧಿಸುವವರು ಮಾತ್ರ ಈ ನಷ್ಟದಿಂದ ಪಾರಾಗುತ್ತಾರೆ. ಈ ಅಧ್ಯಾಯವನ್ನು ವಿವರಿಸುವಾಗ ಇಮಾಮ್ ರಾಝಿಯವರು ಒಬ್ಬ ಹಿರಿಯರ ಅನುಭವವನ್ನು ಹೇಳಿದ್ದಾರೆ. ಸಂತೆಯಲ್ಲಿ ಮಂಜುಗಡ್ಡೆ ಮಾರುವವನೊಬ್ಬನು, ತನ್ನ ಬಂಡವಾಳವೇ ಕರಗಿಹೋಗುತ್ತಿದೆ, ಕನಿಕರ ತೋರಿ ಎಂದು ಜನರಲ್ಲಿ ಮೊರೆಯಿಡುತ್ತಿದ್ದನು. ಆ ಮಾತು ಕೇಳಿದಾಗ ಆ ಹಿರಿಯರಿಗೆ ‘ಅಲ್ ಅಸ್ರ್’ನ ಅರ್ಥ ಹೊಳೆಯಿತು. ಬಟ್ಟೆಯ ವ್ಯಾಪಾರಿ ಇಂದು ಮಾರಲಾಗದ್ದನ್ನು ನಾಳೆ ಮಾರುತ್ತಾನೆ. ಮಂಜುಗಡ್ಡೆಯವನಿಗೆ ಆ ಸೌಲಭ್ಯವಿಲ್ಲ. ಮಾರಲಿ, ಮಾರದಿರಲಿ, ಸರಕು ಕರಗುತ್ತಲೇ ಇರುತ್ತದೆ. ಆಯುಷ್ಯವೆಂಬುದು ಅಂತಹ ಸರಕು. ಅದರಲ್ಲೂ 17ರಿಂದ 22ರವರೆಗಿನ ಕಾಲೇಜಿನ ವರ್ಷಗಳು ನಡುಮಧ್ಯಾಹ್ನದ ಬಿಸಿಲಲ್ಲಿಟ್ಟ ಮಂಜುಗಡ್ಡೆಯಂತೆ.

ಮುಂದೂಡುವವನ ವರ್ಷ

ನಮ್ಮ ಕಾಲೇಜುಗಳಲ್ಲಿ ಒಂದು ಸೆಮಿಸ್ಟರ್ ಎಂದರೆ ಸುಮಾರು 90 ದಿನಗಳ ತರಗತಿ. ಮೊದಲ ವಾರ ಹೊಸ ಪುಸ್ತಕಗಳಿಗೆ ರಟ್ಟು ಹಾಕಿ, ಹೆಸರು ಬರೆದು, ಈ ಬಾರಿ ಮೊದಲ ದಿನದಿಂದಲೇ ಓದಬೇಕೆಂದು ನಿರ್ಧರಿಸುತ್ತೇವೆ. ಎರಡನೆಯ ವಾರ, ಪರೀಕ್ಷೆಗೆ ಇನ್ನೂ ತಿಂಗಳುಗಳಿವೆಯಲ್ಲ ಎಂದುಕೊಳ್ಳುತ್ತೇವೆ. ಆಂತರಿಕ ಪರೀಕ್ಷೆ ಬಂದಾಗ, ಇದರ ಅಂಕ ಎಷ್ಟು ಮಹಾ, ಮುಖ್ಯ ಪರೀಕ್ಷೆಯಲ್ಲಿ ಸರಿಪಡಿಸೋಣ ಎನ್ನುತ್ತೇವೆ. ಲ್ಯಾಬ್ ರೆಕಾರ್ಡ್ ಒಪ್ಪಿಸುವ ಹಿಂದಿನ ರಾತ್ರಿ ಗೆಳೆಯನ ರೆಕಾರ್ಡನ್ನು ತಂದು ಮುಂಜಾವಿನ ತನಕ ನಕಲು ಮಾಡುತ್ತೇವೆ. ಆ ದಿನದ ಫಜ್ರ್ ನಮಾಝ್ ಹೋಗುತ್ತದೆ. ಕೊನೆಗೆ ಪರೀಕ್ಷೆಗೆ ಹತ್ತು ದಿನವಿರುವಾಗ ಗೈಡುಗಳನ್ನು ಕೊಂಡು, ‘ಮುಖ್ಯ ಪ್ರಶ್ನೆ’ಗಳನ್ನು ಹುಡುಕುತ್ತೇವೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಇವೆಲ್ಲವುಗಳ ನಡುವೆ ಕೈಯಲ್ಲೊಂದು ಮೊಬೈಲ್. ಐದು ನಿಮಿಷ ನೋಡಿ ಓದಲು ಕೂರುತ್ತೇನೆಂದು ತೆರೆದ ಪರದೆ ಒಂದು ತಾಸಿನ ಬಳಿಕ ಮುಚ್ಚುತ್ತದೆ. ಬೆರಳಿಂದ ಸರಿಸಿದಷ್ಟೂ ಮತ್ತೊಂದು, ಮಗದೊಂದು ಬರುವಂತೆಯೇ ಅದನ್ನು ರೂಪಿಸಲಾಗಿದೆ.

ಅರಬಿ ಭಾಷೆಯಲ್ಲಿ ಮುಂದೆ ನಡೆಯಲಿರುವುದನ್ನು ಸೂಚಿಸಲು ‘ಸೌಫ’ ಎಂಬ ಪದವಿದೆ. ಮಾಡುವೆನು, ಮುಂದೆ ಮಾಡುವೆನು ಎಂಬ ಅರ್ಥ. ಸದಾ ‘ಸೌಫ, ಸೌಫ’ ಎನ್ನುತ್ತಾ ಕೆಲಸವನ್ನು ತಳ್ಳುತ್ತಿರುವ ರೋಗಕ್ಕೆ ವಿದ್ವಾಂಸರು ‘ತಸ್‌ವೀಫ್’ ಎಂದು ಹೆಸರಿಟ್ಟಿದ್ದಾರೆ. ಶೈತಾನನು ಸತ್ಯವಿಶ್ವಾಸಿಯ ಬಳಿ ಬಂದು, ಓದಬೇಡ, ನಮಾಝ್ ಮಾಡಬೇಡ, ಪಶ್ಚಾತ್ತಾಪ ಪಡಬೇಡ ಎಂದು ನೇರವಾಗಿ ಹೇಳುವುದಿಲ್ಲ. ಹಾಗೆ ಹೇಳಿದರೆ ಯಾರೂ ಕೇಳುವುದಿಲ್ಲವೆಂದು ಅವನಿಗೆ ಗೊತ್ತು. ಖಂಡಿತ ಮಾಡು, ಆದರೆ ಈಗಲ್ಲ ಎನ್ನುತ್ತಾನೆ. ಅವನ ಈ ಮಾತು ನಮಗೆ ನಮ್ಮದೇ ಮನಸ್ಸಿನ ಮಾತಿನಂತೆ ಕೇಳಿಸುತ್ತದೆ.

ಕಅಬ್ ಬಿನ್ ಮಾಲಿಕ್(ರ)ರ ಐವತ್ತು ದಿನಗಳು

ಈ ರೋಗ ದುರ್ಬಲ ವಿಶ್ವಾಸಿಗಳನ್ನು ಮಾತ್ರ ಬಾಧಿಸುತ್ತದೆಂದು ಭಾವಿಸಬೇಡಿ. ಹಝ್ರತ್ ಕಅಬ್ ಬಿನ್ ಮಾಲಿಕ್(ರ) ಮದೀನಾದ ಅನ್ಸಾರಿಗಳಲ್ಲೊಬ್ಬರು, ಹೆಸರಾಂತ ಕವಿ. ಅಕಬಾದಲ್ಲಿ ಪ್ರವಾದಿವರ್ಯರ(ಸ) ಕೈಹಿಡಿದು ಪ್ರತಿಜ್ಞೆ ಮಾಡಿದವರು. ಅವರು ತಮ್ಮ ಬದುಕಿನ ಒಂದು ಪ್ರಸಂಗವನ್ನು ಏನನ್ನೂ ಮರೆಮಾಚದೆ ತಾವೇ ವಿವರಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್‌ಗಳೆರಡರಲ್ಲೂ ಅದು ದೀರ್ಘವಾಗಿ ವರದಿಯಾಗಿದೆ.

ಹಿಜರಿ 9ನೆಯ ವರ್ಷ, ಅಂದರೆ ಕ್ರಿ.ಶ. 630. ರೋಮನ್ನರು ಸೇನೆ ಜಮಾಯಿಸುತ್ತಿದ್ದಾರೆಂಬ ಸುದ್ದಿ ಬಂದಾಗ ಪ್ರವಾದಿ(ಸ)ರು ತಬೂಕ್‌ಗೆ ಹೊರಡಲು ಕರೆಕೊಟ್ಟರು. ಸಾಮಾನ್ಯವಾಗಿ ಅವರು ದಂಡಯಾತ್ರೆಯ ಗುರಿಯನ್ನು ಬಹಿರಂಗಪಡಿಸುತ್ತಿರಲಿಲ್ಲ. ಈ ಬಾರಿ ದಾರಿ ಬಹುದೂರ, ಬಿಸಿಲು ಕಠಿಣ. ಜನರು ಸರಿಯಾಗಿ ಸಿದ್ಧರಾಗಲೆಂದು ಮೊದಲೇ ತಿಳಿಸಿದರು. ತೋಟಗಳಲ್ಲಿ ಹಣ್ಣು ಮಾಗಿದ್ದ, ನೆರಳು ಹಿತವಾಗಿದ್ದ ಕಾಲವದು. ಕಅಬ್(ರ)ರ ಬಳಿ ಆ ಸಮಯದಲ್ಲಿ ಎಂದಿಗಿಂತ ಹೆಚ್ಚು ಅನುಕೂಲವಿತ್ತು. ಅದಕ್ಕೆ ಮುಂಚೆ ಅವರಲ್ಲಿ ಒಮ್ಮೆಯೂ ಎರಡು ಸವಾರಿ ಒಂಟೆಗಳು ಇದ್ದುದಿಲ್ಲ. ಈ ಬಾರಿ ಎರಡಿದ್ದವು.

ಪ್ರತಿದಿನ ಬೆಳಿಗ್ಗೆ ಸಿದ್ಧತೆ ಮಾಡಬೇಕೆಂದು ಹೊರಡುತ್ತಿದ್ದರು. ಏನನ್ನೂ ಮಾಡದೆ ಹಿಂದಿರುಗುತ್ತಿದ್ದರು. ತನಗೆ ಸಾಮರ್ಥ್ಯವಿದೆ, ಬೇಕೆಂದಾಗ ಮಾಡಬಲ್ಲೆ ಎಂದು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಒಂದು ದಿನ ಸೇನೆ ಹೊರಟೇಬಿಟ್ಟಿತು. ಆಗಲೂ ಅವರು, ಒಂದೆರಡು ದಿನಗಳಲ್ಲಿ ಸಿದ್ಧನಾಗಿ ಹೋಗಿ ಸೇರಿಕೊಳ್ಳುತ್ತೇನೆ ಎಂದುಕೊಂಡರು. ಆ ಒಂದೆರಡು ದಿನಗಳೂ ಹಾಗೆಯೇ ಕಳೆದವು. ಸೇನೆ ಸೇರಲಾಗದಷ್ಟು ದೂರ ಹೋಯಿತು. ಬಳಿಕ ಮದೀನಾದ ಬೀದಿಗೆ ಬಂದಾಗ ಅವರ ಕಣ್ಣಿಗೆ ಬೀಳುತ್ತಿದ್ದುದು ಕಪಟವಿಶ್ವಾಸದ ಆರೋಪವಿದ್ದವರು ಮತ್ತು ಅಲ್ಲಾಹನು ವಿನಾಯಿತಿ ನೀಡಿದ್ದ ಅಶಕ್ತರು ಮಾತ್ರ.

ಇಲ್ಲಿ ಕಅಬ್(ರ) ಒಂದು ಸೂಕ್ಷ್ಮ ವಿಷಯವನ್ನು ಹೇಳುತ್ತಾರೆ. ಜನರ ಸಂಖ್ಯೆ ಅಷ್ಟೊಂದಿತ್ತು, ಹೆಸರು ಬರೆದಿಟ್ಟ ದಫ್ತರ ಯಾವುದೂ ಇರಲಿಲ್ಲ. ಆದ್ದರಿಂದ ಅಲ್ಲಾಹನಿಂದ ಸಂದೇಶ ಬಾರದ ಹೊರತು ತಾನು ಬಂದಿಲ್ಲವೆಂಬುದು ಯಾರಿಗೂ ತಿಳಿಯದೆಂದು ಒಬ್ಬನು ಭಾವಿಸಬಹುದಿತ್ತು. ಕೊನೆಯ ಬೆಂಚಿನಲ್ಲಿ ಕೂರುವ ವಿದ್ಯಾರ್ಥಿ ಈ ಮಾತನ್ನು ಸ್ವಲ್ಪ ಯೋಚಿಸಲಿ. ಹಾಜರಿ ಪುಸ್ತಕದಲ್ಲಿ ಗೆಳೆಯನಿಂದ ಹೆಸರು ಕೂಗಿಸಿಕೊಳ್ಳಬಹುದು. ಎರಡು ಹೆಗಲ ಮೇಲಿರುವ ದೇವಚರರ ದಫ್ತರದಲ್ಲಿ ಹಾಗೆ ಮಾಡಲಾಗದು.

ಪ್ರವಾದಿ(ಸ)ರು ತಬೂಕ್‌ನಿಂದ ಮರಳಿದರು. ಹಿಂದೆ ಉಳಿದಿದ್ದ ಎಂಬತ್ತಕ್ಕೂ ಹೆಚ್ಚು ಮಂದಿ ಒಬ್ಬೊಬ್ಬರಾಗಿ ಬಂದು, ಆಣೆ ಹಾಕಿ, ನೆಪಗಳನ್ನು ಹೇಳಿದರು. ಪ್ರವಾದಿವರ್ಯರು(ಸ) ಅವರ ಬಾಹ್ಯ ಮಾತನ್ನು ಸ್ವೀಕರಿಸಿ, ಅಂತರಂಗವನ್ನು ಅಲ್ಲಾಹನಿಗೆ ಬಿಟ್ಟರು. ಕಅಬ್(ರ) ಮಾತಿನಲ್ಲಿ ನಿಪುಣರು. ಸೊಗಸಾದ ಒಂದು ನೆಪ ಕಟ್ಟುವುದು ಅವರಿಗೆ ಕಷ್ಟವಾಗಿರಲಿಲ್ಲ. ಅದನ್ನು ಯೋಚಿಸಿಯೂ ಇದ್ದರು. ಆದರೆ ಪ್ರವಾದಿವರ್ಯರ(ಸ) ಎದುರು ಕೂತಾಗ ಸತ್ಯವನ್ನೇ ಹೇಳಿದರು. ಇಂದು ಸುಳ್ಳು ಹೇಳಿ ತಮ್ಮನ್ನು ಸಂತೃಪ್ತಿಪಡಿಸಿದರೂ ಅಲ್ಲಾಹನು ನಾಳೆ ಅದನ್ನು ಬಯಲು ಮಾಡುತ್ತಾನೆ. ತನಗೆ ಯಾವ ಕಾರಣವೂ ಇರಲಿಲ್ಲ. ತಾನು ಎಂದಿಗಿಂತಲೂ ಸಶಕ್ತನಾಗಿದ್ದೆ, ಅನುಕೂಲಸ್ಥನಾಗಿದ್ದೆ ಎಂದು ಒಪ್ಪಿಕೊಂಡರು. ಇವರು ಸತ್ಯ ಹೇಳಿದ್ದಾರೆ ಎಂದು ಪ್ರವಾದಿ(ಸ)ರು ನುಡಿದರು, ಅಲ್ಲಾಹನ ತೀರ್ಪಿಗಾಗಿ ಕಾಯುವಂತೆ ಹೇಳಿ ಕಳುಹಿಸಿದರು.

ದಾರಿಯಲ್ಲಿ ಬಂಧುಗಳು ಬೆನ್ನು ಹತ್ತಿದರು. ಇತರರಂತೆ ನೀನೂ ಒಂದು ನೆಪ ಹೇಳಿದ್ದರೆ ಸಾಕಿತ್ತಲ್ಲ ಎಂದು ಅವರು ಜರೆದಾಗ, ಹಿಂದಿರುಗಿ ಹೋಗಿ ಮಾತು ಬದಲಿಸೋಣವೇ ಎಂದೂ ಅವರಿಗೆ ಅನಿಸಿತು. ತಮ್ಮಂತೆಯೇ ಸತ್ಯ ಹೇಳಿದ ಇನ್ನಿಬ್ಬರು ಸಜ್ಜನರು, ಮುರಾರಃ ಬಿನ್ ರಬೀಅ್(ರ) ಮತ್ತು ಹಿಲಾಲ್ ಬಿನ್ ಉಮಯ್ಯ(ರ) ಇದ್ದಾರೆಂದು ತಿಳಿದಾಗ ಮನಸ್ಸು ಗಟ್ಟಿ ಮಾಡಿಕೊಂಡರು. ಈ ಮೂವರೊಂದಿಗೆ ಮಾತನಾಡಬಾರದೆಂದು ಆಜ್ಞೆಯಾಯಿತು. ಪ್ರೀತಿಯ ದಾಯಾದಿ ಅಬೂ ಕತಾದಃ(ರ)ರ ತೋಟದ ಗೋಡೆ ಹತ್ತಿ ಇಳಿದು ಸಲಾಮ್ ಹೇಳಿದರೆ ಉತ್ತರವೇ ಬರಲಿಲ್ಲ. ವಿಶಾಲವಾದ ಭೂಮಿಯು ಅವರ ಪಾಲಿಗೆ ಇಕ್ಕಟ್ಟಾಯಿತೆಂದು ಕುರ್‌ಆನ್ ತೌಬಾ ಅಧ್ಯಾಯದ 118ನೆಯ ಸೂಕ್ತದಲ್ಲಿ ಅವರ ಸ್ಥಿತಿಯನ್ನು ವರ್ಣಿಸಿದೆ.

ಐವತ್ತನೆಯ ದಿನ ಫಜ್ರ್ ನಮಾಝಿನ ಬಳಿಕ ಮನೆಯ ಮಾಳಿಗೆಯಲ್ಲಿ ಕೂತಿದ್ದಾಗ, ಸಲಅ್ ಬೆಟ್ಟದ ಮೇಲಿನಿಂದ ಯಾರೋ ಗಟ್ಟಿಯಾಗಿ ಕೂಗಿ ಅವರಿಗೆ ಶುಭವಾರ್ತೆ ತಿಳಿಸಿದರು. ಅಲ್ಲಾಹನು ಅವರ ಪಶ್ಚಾತ್ತಾಪವನ್ನು ಸ್ವೀಕರಿಸಿದ್ದನು. ಅವರು ಅಲ್ಲಿಯೇ ಸಾಷ್ಟಾಂಗವೆರಗಿದರು.

ನೆಪದಿಂದ ಸುಳ್ಳಿಗೆ ಎಷ್ಟು ದೂರ?

ತಬೂಕ್‌ನ ಕರೆಗೂ ನಮ್ಮ ಸೆಮಿಸ್ಟರಿಗೂ ಹೋಲಿಕೆಯಿಲ್ಲವೆಂಬುದು ನಿಜ. ಆದರೆ ಮನುಷ್ಯನ ಮನಸ್ಸು ಕೆಲಸ ಮಾಡುವ ರೀತಿ ಅಂದಿಗೂ ಇಂದಿಗೂ ಒಂದೇ. ಕಅಬ್(ರ)ರನ್ನು ತಡೆದುದು ಬಡತನವಲ್ಲ, ರೋಗವಲ್ಲ. ಬೇಕೆಂದಾಗ ಮಾಡಬಲ್ಲೆ ಎಂಬ ಭರವಸೆ. ಸಾಮರ್ಥ್ಯವಿರುವವನಿಗೇ ಈ ಬಲೆ ಹೆಚ್ಚು ಅಪಾಯಕಾರಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದು ಕಾಲೇಜು ಸೇರಿದ ಎಷ್ಟೋ ಬುದ್ಧಿವಂತ ಮಕ್ಕಳು ಮೊದಲ ವರ್ಷದಲ್ಲೇ ಎಡವುವುದು ಇದರಿಂದಲೇ.

ಇನ್ನೊಂದು ವಿಷಯವನ್ನೂ ಗಮನಿಸಿ. ಮುಂದೂಡಿದವನ ಮುಂದೆ ಕೊನೆಗೆ ಉಳಿಯುವುದು ಎರಡೇ ದಾರಿ: ಒಂದೋ ಸತ್ಯ ಒಪ್ಪಿಕೊಳ್ಳಬೇಕು, ಇಲ್ಲವೇ ಸುಳ್ಳು ಹೇಳಬೇಕು. ಅಸೈನ್‌ಮೆಂಟ್ ಬರೆಯದವನು ಜ್ವರವಿತ್ತು ಎನ್ನುತ್ತಾನೆ. ತರಗತಿಗೆ ಹೋಗದೆ ಹಾಜರಿ ಕಡಿಮೆಯಾದವನು ಎಲ್ಲಿಂದಲೋ ವೈದ್ಯಕೀಯ ಸರ್ಟಿಫಿಕೇಟ್ ತರುತ್ತಾನೆ. ಓದದವನು ಪರೀಕ್ಷಾ ಕೊಠಡಿಗೆ ಚೀಟಿ ಒಯ್ಯುತ್ತಾನೆ. ಫೇಲಾದವನು ಮನೆಗೆ ಫೋನ್ ಮಾಡಿ, ಫಲಿತಾಂಶ ಇನ್ನೂ ಬಂದಿಲ್ಲ ಎನ್ನುತ್ತಾನೆ. ಇವರಲ್ಲಿ ಯಾರೂ ವರ್ಷದ ಆರಂಭದಲ್ಲಿ ಸುಳ್ಳುಗಾರನಾಗಬೇಕೆಂದು ಬಯಸಿದವರಲ್ಲ. ದಿನಕ್ಕೊಂದರಂತೆ ಕೂಡಿಸಿಟ್ಟ ‘ನಾಳೆ’ಗಳೇ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದವು. ಸೋಮಾರಿತನವೊಂದು ದೌರ್ಬಲ್ಯ ಮಾತ್ರವೆಂದು ನಾವು ಹಗುರವಾಗಿ ನೋಡುತ್ತೇವೆ. ಅದು ವಂಚನೆಯ ಹೊಸ್ತಿಲೂ ಹೌದು.

ಎಂಬತ್ತು ಮಂದಿ ಆ ದಿನ ನೆಪ ಹೇಳಿ ಸುಲಭವಾಗಿ ಪಾರಾದರು. ಕಅಬ್(ರ) ಐವತ್ತು ದಿನ ನರಳಿದರು. ಆದರೆ ಕೊನೆಗೆ ಗೆದ್ದವರಾರು? ತನ್ನನ್ನು ಸತ್ಯವೇ ರಕ್ಷಿಸಿತು, ಇನ್ನು ಬದುಕಿರುವಷ್ಟು ಕಾಲ ಸತ್ಯವನ್ನಲ್ಲದೆ ಬೇರೇನನ್ನೂ ನುಡಿಯೆನು ಎಂದು ಅವರು ಸಂಕಲ್ಪ ಮಾಡಿದರು. ಈಗಾಗಲೇ ಬಹಳಷ್ಟು ಹಿಂದುಳಿದಿರುವ ವಿದ್ಯಾರ್ಥಿಗೂ ಮೊದಲ ಮದ್ದು ಇದುವೇ. ಅಧ್ಯಾಪಕರ ಬಳಿ ಹೋಗಿ, ಸರ್, ನಾನು ಓದಿಲ್ಲ, ಯಾವ ಕಾರಣವೂ ಇಲ್ಲ, ಈಗ ಎಲ್ಲಿಂದ ಆರಂಭಿಸಲಿ ಎಂದು ಕೇಳಿ. ಬೈಗುಳ ಸಿಗಬಹುದು, ದಾರಿಯೂ ಸಿಗುತ್ತದೆ. ತಂದೆತಾಯಿಯರಿಂದ ಅಡಗಿಸಿಟ್ಟ ಅಂಕಪಟ್ಟಿಯನ್ನು ತೆಗೆದು ಅವರ ಮುಂದಿಡಿ. ಆ ಒಂದು ಘಳಿಗೆ ಕಷ್ಟದ್ದು. ಅದರ ನಂತರ ಎದೆಯ ಮೇಲಿನ ಕಲ್ಲು ಇಳಿಯುತ್ತದೆ.

ಇದು ಅಮಾನತ್ತು

ಸಾಲ ತೀರಿಸುವ ಸಾಮರ್ಥ್ಯವಿದ್ದೂ ಮುಂದೂಡುವುದು ಅನ್ಯಾಯವೆಂದು ಪ್ರವಾದಿ(ಸ)ರು ಎಚ್ಚರಿಸಿರುವುದು ಬುಖಾರಿ, ಮುಸ್ಲಿಮ್‌ಗಳಲ್ಲಿ ವರದಿಯಾಗಿದೆ. ವಿದ್ಯಾರ್ಥಿಯ ಮೇಲೆ ಸಾಲವಿಲ್ಲವೇ? ನಿಮ್ಮ ಫೀಸು ಎಲ್ಲಿಂದ ಬಂತೆಂದು ನೆನಪಿಸಿಕೊಳ್ಳಿ. ಕೊಲ್ಲಿ ರಾಷ್ಟ್ರದ ಬಿಸಿಲಲ್ಲಿ ದುಡಿದು, ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ತಂದೆಯ ಬೆವರದು. ಮಗಳ ಮದುವೆಗೆಂದು ಇಟ್ಟಿದ್ದ ಬಳೆಯನ್ನು ಅಡವಿಟ್ಟ ತಾಯಿಯ ನೆಮ್ಮದಿಯದು. ತಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಅಂಗಡಿಗೆ ಸೇರಿ ತಮ್ಮನನ್ನು ಓದಿಸುತ್ತಿರುವ ಅಣ್ಣನ ಬಾಲ್ಯವದು. ಕೆಲವರಿಗೆ ಜಮಾಅತಿನವರು ಕೂಡಿಸಿಕೊಟ್ಟ ಹಣ, ಕೆಲವರಿಗೆ ಸರಕಾರದ ವಿದ್ಯಾರ್ಥಿವೇತನ. ಇದೆಲ್ಲವೂ ಅಮಾನತ್ತು. ತೀರಿಸಬಲ್ಲವನಾಗಿದ್ದೂ ತೀರಿಸದಿರುವುದು ಅನ್ಯಾಯವಾದರೆ, ಓದಬಲ್ಲವನಾಗಿದ್ದೂ ಓದದಿರುವುದು ಏನು?

ಸಹೋದರಿಯರಲ್ಲಿ ಒಂದು ವಿಶೇಷ ಮಾತು. ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳುಹಿಸಲು ಇಂದಿಗೂ ಹಿಂಜರಿಯುವ ಮನೆಗಳಿವೆ. ನೀವು ಆಸಕ್ತಿಯಿಂದ ಕಲಿತರೆ ನಿಮ್ಮ ತಂಗಿಗೂ ನೆರೆಮನೆಯ ಹುಡುಗಿಗೂ ದಾರಿ ತೆರೆಯುತ್ತದೆ. ಮನೆಗೆಲಸದ ನಡುವೆ ನಿಮಗೆ ಸಿಗುವ ಸಮಯ ಸಹೋದರರಿಗಿಂತ ಕಡಿಮೆಯೆಂಬುದು ನಿಜ. ಮನೆಯ ಗಂಡುಮಕ್ಕಳು ಆ ಹೊರೆಯನ್ನು ಹಂಚಿಕೊಳ್ಳಬೇಕು. ಪ್ರವಾದಿವರ್ಯರು(ಸ) ಮನೆಯಲ್ಲಿ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರೆಂದು ಹ. ಆಇಶಾ(ರ) ತಿಳಿಸಿದ್ದಾರೆ.

ಎಲ್ಲ ಮುಂದೂಡಿಕೆಯೂ ತಪ್ಪೇ?

ಅಲ್ಲ. ರೋಗಿಗೂ ಪ್ರಯಾಣಿಕನಿಗೂ ರಮಝಾನಿನ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರ್ತಿಗೊಳಿಸಲು ಅಲ್ಲಾಹನೇ ಅನುಮತಿ ನೀಡಿದ್ದಾನೆ. ಆದರೆ ಅದಕ್ಕೊಂದು ನ್ಯಾಯವಾದ ಕಾರಣವಿದೆ, ಎಷ್ಟು ದಿನವೆಂಬ ಲೆಕ್ಕವಿದೆ. ಕಾರಣವೂ ಲೆಕ್ಕವೂ ಇಲ್ಲದ ಮುಂದೂಡಿಕೆಯೇ ರೋಗ. ಮನೆ ನಡೆಸಲು ಸಂಜೆ ದುಡಿಯುವ ವಿದ್ಯಾರ್ಥಿ ಇಂದಿನ ಪಾಠವನ್ನು ಭಾನುವಾರಕ್ಕೆ ಇಟ್ಟುಕೊಂಡರೆ ಅದು ಯೋಜನೆ. ವಾರಗಟ್ಟಲೆ ನಿದ್ರೆಯಿಲ್ಲದೆ, ಊಟ ರುಚಿಸದೆ, ಯಾವುದರಲ್ಲೂ ಮನಸ್ಸಿಲ್ಲದೆ ಕುಸಿದಿರುವವನನ್ನು ಸೋಮಾರಿಯೆಂದು ಹಳಿಯುವುದೂ ಸರಿಯಲ್ಲ. ಅವನನ್ನು ವೈದ್ಯರ ಬಳಿ ಕರೆದೊಯ್ಯಬೇಕು. ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ರೇ ಕಲಿಸಿದ್ದಾರೆ.

‘ಇನ್ಶಾ ಅಲ್ಲಾಹ್’ ಎಂಬ ಪವಿತ್ರ ಮಾತನ್ನೂ ನಾವು ಕೆಡಿಸಿದ್ದೇವೆ. ನಾಳೆ ಇಂತಹ ಕೆಲಸ ಮಾಡುವೆನೆಂದು ಹೇಳುವಾಗ ಅಲ್ಲಾಹನ ಇಚ್ಛೆಯನ್ನು ಸೇರಿಸಿ ಹೇಳಬೇಕೆಂದು ‘ಅಲ್ ಕಹ್ಫ್’ ಅಧ್ಯಾಯದ 23 ಮತ್ತು 24ನೆಯ ಸೂಕ್ತಗಳು ಕಲಿಸುತ್ತವೆ. ಅದು ದೃಢ ನಿರ್ಧಾರ ಮಾಡಿದವನ ವಿನಯದ ಮಾತು. ನಾವಾದರೋ ಮಾಡುವ ಮನಸ್ಸಿಲ್ಲದ ಕೆಲಸಕ್ಕೆ ‘ಇನ್ಶಾ ಅಲ್ಲಾಹ್’ ಎನ್ನುತ್ತೇವೆ. ಕೇಳಿದವರಿಗೂ ಅದರರ್ಥ ಗೊತ್ತಾಗುತ್ತದೆ. ಅಲ್ಲಾಹನ ಹೆಸರನ್ನು ನಮ್ಮ ಆಲಸ್ಯದ ಮುಸುಕಾಗಿ ಬಳಸುವುದು ಎಷ್ಟು ದೊಡ್ಡ ಅಗೌರವ!

ಬಾಗಿಲಲ್ಲಿ ಕಾದ ಬಾಲಕ

ಪ್ರವಾದಿ(ಸ)ರು ನಿಧನರಾದಾಗ ಹ. ಅಬ್ದುಲ್ಲಾ ಬಿನ್ ಅಬ್ಬಾಸ್(ರ) ಇನ್ನೂ ಹದಿಹರೆಯದ ಬಾಲಕ. ಅವರು ಒಬ್ಬ ಅನ್ಸಾರಿ ಯುವಕನನ್ನು ಕರೆದು, ಪ್ರವಾದಿವರ್ಯರ(ಸ) ಸಂಗಾತಿಗಳು ಇಂದು ಬಹಳ ಮಂದಿ ನಮ್ಮ ನಡುವೆ ಇದ್ದಾರೆ, ಬಾ, ಅವರಿಂದ ಕೇಳಿ ಕಲಿಯೋಣ ಎಂದರು. ಇಷ್ಟೊಂದು ಹಿರಿಯ ಸಹಾಬಿಗಳಿರುವಾಗ ಜನರಿಗೆ ನಿನ್ನ ಅಗತ್ಯ ಬಂದೀತೇ ಎಂದು ಆತ ಅಚ್ಚರಿಪಟ್ಟು ಸುಮ್ಮನಾದನು. ಇಬ್ನು ಅಬ್ಬಾಸ್(ರ) ಒಬ್ಬರೇ ಹೊರಟರು. ಯಾರ ಬಳಿಯಾದರೂ ಒಂದು ಹದೀಸ್ ಇದೆಯೆಂದು ತಿಳಿದರೆ ಅವರ ಮನೆಗೆ ಹೋಗುತ್ತಿದ್ದರು. ಅವರು ಮಧ್ಯಾಹ್ನದ ನಿದ್ರೆಯಲ್ಲಿದ್ದರೆ ಎಬ್ಬಿಸದೆ, ಬಾಗಿಲಲ್ಲೇ ಮೇಲುಹೊದಿಕೆಯನ್ನು ತಲೆದಿಂಬಾಗಿಸಿ ಮಲಗುತ್ತಿದ್ದರು. ಗಾಳಿ ಅವರ ಮುಖಕ್ಕೆ ಧೂಳೆರಚುತ್ತಿತ್ತು. ವರ್ಷಗಳು ಉರುಳಿದವು. ಜ್ಞಾನಕ್ಕಾಗಿ ಜನರು ಇಬ್ನು ಅಬ್ಬಾಸ್(ರ)ರ ಸುತ್ತ ಮುತ್ತಿಕೊಂಡಿದ್ದುದನ್ನು ಕಂಡು ಅದೇ ಅನ್ಸಾರಿ, ಈ ಯುವಕ ನನಗಿಂತ ಬುದ್ಧಿವಂತನಾಗಿದ್ದ ಎಂದನು. ಇಮಾಮ್ ದಾರಿಮಿಯವರು ಇದನ್ನು ವರದಿ ಮಾಡಿದ್ದಾರೆ.

ಇಬ್ಬರೂ ಒಂದೇ ಊರಿನವರು, ಒಂದೇ ಕಾಲದವರು. ಇಬ್ಬರಿಗೂ ಅದೇ ಗುರುಗಳು ಲಭ್ಯರಿದ್ದರು. ಆ ಗುರುಗಳು ಸದಾ ಇರುವುದಿಲ್ಲವೆಂಬುದನ್ನು ಒಬ್ಬರು ಅರಿತರು, ಇನ್ನೊಬ್ಬರು ಅರಿಯಲಿಲ್ಲ. ನಿಮ್ಮ ಕಾಲೇಜಿನ ಗ್ರಂಥಾಲಯ, ಕೇಳಿದರೆ ಹೇಳಿಕೊಡಲು ಸಿದ್ಧರಿರುವ ಅಧ್ಯಾಪಕರು, ದುಡಿಮೆಯ ಚಿಂತೆಯಿಲ್ಲದ ಸಂಜೆಗಳು, ಇವೂ ಮೂರ್ನಾಲ್ಕು ವರ್ಷದ ಮಾತು. ಆರೋಗ್ಯ ಮತ್ತು ಬಿಡುವು, ಈ ಎರಡು ಅನುಗ್ರಹಗಳ ವಿಷಯದಲ್ಲಿ ಬಹುಜನರು ನಷ್ಟಕ್ಕೊಳಗಾಗುತ್ತಾರೆಂದು ಪ್ರವಾದಿ(ಸ)ರು ಹೇಳಿರುವುದು ಬುಖಾರಿಯಲ್ಲಿದೆ. ವಿದ್ಯಾರ್ಥಿಯ ಬಳಿ ಇವೆರಡೂ ಒಟ್ಟಿಗೆ ಇರುತ್ತವೆ.

ಬಿಡುಗಡೆಯ ದಾರಿ

ಪ್ರವಾದಿ(ಸ)ರು ಅಲ್ಲಾಹನಲ್ಲಿ ಅಭಯ ಯಾಚಿಸುತ್ತಿದ್ದ ಒಂದು ಪ್ರಾರ್ಥನೆಯನ್ನು ಅವರ ಸೇವೆಯಲ್ಲಿದ್ದ ಹ. ಅನಸ್(ರ) ವರದಿ ಮಾಡಿದ್ದಾರೆ. ಚಿಂತೆ, ದುಃಖ, ಅಸಾಮರ್ಥ್ಯ, ಆಲಸ್ಯ, ಹೇಡಿತನ ಮುಂತಾದವುಗಳನ್ನು ಅದರಲ್ಲಿ ಬೇರೆ ಬೇರೆಯಾಗಿ ಹೆಸರಿಸಲಾಗಿದೆ. ನಾವು ಎಲ್ಲವನ್ನೂ ‘ಸೋಮಾರಿತನ’ವೆಂಬ ಒಂದೇ ಚೀಲಕ್ಕೆ ತುಂಬುತ್ತೇವೆ. ನೀವು ಒಂದು ಪುಸ್ತಕವನ್ನು ತೆರೆಯದೆ ದಿನ ದೂಡುತ್ತಿದ್ದರೆ ಕಾರಣವೇನೆಂದು ಪ್ರಾಮಾಣಿಕವಾಗಿ ಪರೀಕ್ಷಿಸಿಕೊಳ್ಳಿ. ಪಾಠ ಅರ್ಥವಾಗುತ್ತಿಲ್ಲವೇ? ಅದು ಅಸಾಮರ್ಥ್ಯ, ಅರಿತವರನ್ನು ಕೇಳುವುದೇ ಅದಕ್ಕೆ ಮದ್ದು. ಫೇಲಾಗುವ ಭಯವೇ? ಅದು ಹೇಡಿತನ, ಮೊದಲ ಪುಟವನ್ನು ಓದುವುದೇ ಅದಕ್ಕೆ ಮದ್ದು. ಎಲ್ಲವೂ ತಿಳಿದಿದ್ದೂ ಏಳಲು ಮನಸ್ಸಿಲ್ಲವೇ? ಅದು ಆಲಸ್ಯ, ಶಿಸ್ತೇ ಅದಕ್ಕೆ ಮದ್ದು.

ಶಿಸ್ತಿಗಾಗಿ ನಾವು ಹೊಸ ವೇಳಾಪಟ್ಟಿಯನ್ನು ಹುಡುಕಬೇಕಾಗಿಲ್ಲ. ಐದು ಹೊತ್ತಿನ ನಮಾಝ್ ನಿಗದಿತ ಸಮಯಕ್ಕೆ ಕಡ್ಡಾಯವೆಂದು ಕುರ್‌ಆನ್ ಹೇಳಿದೆ. ಅಝಾನ್ ಕೇಳಿದೊಡನೆ ಎದ್ದು ಹೋಗುವವನು ದಿನಕ್ಕೆ ಐದು ಬಾರಿ ‘ಆಮೇಲೆ’ ಎಂಬ ಶತ್ರುವನ್ನು ಸೋಲಿಸುತ್ತಾನೆ. ಅದೇ ಅಭ್ಯಾಸ ಅವನ ಓದಿಗೂ ಬರುತ್ತದೆ. ಇಶಾದವರೆಗೆ ಕಾಯುವಂತೆ ನಮಾಝನ್ನೇ ತಳ್ಳುವವನು ಪುಸ್ತಕವನ್ನು ತಳ್ಳದಿರುವನೇ?

ಮಲಗಿದವನ ತಲೆಯ ಹಿಂಬದಿಯಲ್ಲಿ ಶೈತಾನನು ಮೂರು ಗಂಟು ಹಾಕುತ್ತಾನೆಂದೂ, ಎಚ್ಚರಗೊಂಡು ಅಲ್ಲಾಹನನ್ನು ಸ್ಮರಿಸಿದಾಗ ಒಂದು, ವುಝೂ ಮಾಡಿದಾಗ ಇನ್ನೊಂದು, ನಮಾಝ್ ಮಾಡಿದಾಗ ಮೂರನೆಯದು ಬಿಚ್ಚಿಕೊಂಡು ಆತ ಉಲ್ಲಾಸದಿಂದ ಬೆಳಗು ಮಾಡುತ್ತಾನೆಂದೂ, ಇಲ್ಲವಾದರೆ ಜಡನಾಗಿ ಏಳುತ್ತಾನೆಂದೂ ಹದೀಸ್ ಇದೆ. ತಮ್ಮ ಸಮುದಾಯದ ಮುಂಜಾವಿನಲ್ಲಿ ಸಮೃದ್ಧಿ ನೀಡುವಂತೆ ಪ್ರವಾದಿ(ಸ)ರು ಪ್ರಾರ್ಥಿಸಿದ್ದಾರೆ. ಆ ಹದೀಸನ್ನು ವರದಿ ಮಾಡಿದ ಸಖ್ರ್(ರ) ವ್ಯಾಪಾರಿ. ತಮ್ಮ ಸರಕನ್ನು ಬೆಳ್ಳಂಬೆಳಗ್ಗೆ ಕಳುಹಿಸುತ್ತಿದ್ದ ಅವರು ಸಿರಿವಂತರಾದರು. ಫಜ್ರ್ ಬಳಿಕ ಒಂದು ಗಂಟೆ ಓದಿ. ವಾರಕ್ಕೆ 6 ದಿನದಂತೆ 15 ವಾರಕ್ಕೆ 90 ಗಂಟೆಗಳಾಗುತ್ತವೆ. 6 ವಿಷಯಗಳಿದ್ದರೆ ಒಂದೊಂದಕ್ಕೂ 15 ಗಂಟೆ. ಪರೀಕ್ಷೆಯ ಹಿಂದಿನ ರಾತ್ರಿ ಚಹಾ ಕುಡಿಯುತ್ತಾ ಎಚ್ಚರವಿದ್ದು ಯಾರೂ ಇಷ್ಟು ಓದಲಾರರು.

ಮುಂಜಾವಿನಲ್ಲಿ ಏಳಬೇಕಾದರೆ ರಾತ್ರಿ ಬೇಗ ಮಲಗಬೇಕು. ಪ್ರವಾದಿ(ಸ)ರು ಇಶಾದ ಬಳಿಕ ಹರಟುವುದನ್ನು ಇಷ್ಟಪಡುತ್ತಿರಲಿಲ್ಲ. ಇಂದು ಆ ಹರಟೆ ಹಾಸಿಗೆಯೊಳಗೇ, ಬೆಳಗುವ ಪರದೆಯ ಮೇಲೆ ನಡೆಯುತ್ತಿದೆ. ಇಶಾದ ಬಳಿಕ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಿ. ಹಾಸ್ಟೆಲಿನಲ್ಲಿದ್ದರೆ ನಂಬಿಕಸ್ಥ ಗೆಳೆಯನ ಕೈಗೆ ಕೊಡಿ.

ಆರಂಭದಲ್ಲಿ ದೊಡ್ಡ ಪ್ರತಿಜ್ಞೆ ಬೇಡ. ಕಡಿಮೆಯಾದರೂ ನಿರಂತರವಾಗಿರುವ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂದು ಹದೀಸ್ ಕಲಿಸುತ್ತದೆ. ದಿನಕ್ಕೆ ಹತ್ತು ತಾಸು ಓದುತ್ತೇನೆಂದು ಬರೆದು ಗೋಡೆಗೆ ಅಂಟಿಸಿದ ಪಟ್ಟಿ ಮೂರನೆಯ ದಿನ ಹರಿಯುತ್ತದೆ. ಇಂದು ಎರಡು ಪುಟ, ಒಂದು ಲೆಕ್ಕ, ಒಂದು ಚಿತ್ರ ಸಾಕು. ಹನಿಗೂಡಿದರೆ ಹಳ್ಳ. ಆದರೆ ನಾಳೆಯೂ ಎರಡು ಪುಟ ಆಗಲೇಬೇಕು.

ಗೆಳೆಯರನ್ನು ಆರಿಸುವಾಗ ಎಚ್ಚರವಿರಲಿ. ಮನುಷ್ಯನು ತನ್ನ ಮಿತ್ರನ ಧರ್ಮದಲ್ಲಿರುತ್ತಾನೆ ಎಂಬ ಪ್ರವಾದಿ ಬೋಧನೆ ಓದಿಗೂ ಅನ್ವಯಿಸುತ್ತದೆ. ಫಜ್ರ್‌ಗೆ ಪರಸ್ಪರ ಎಬ್ಬಿಸುವ, ಓದಿದ್ದನ್ನು ಸಂಜೆ ಕೇಳುವ ಒಬ್ಬ ಸಂಗಾತಿಯಿದ್ದರೂ ಸಾಕು.

ತಡವಾಯಿತೇ?

ಈಗಾಗಲೇ ಒಂದು ವರ್ಷ ಹಾಳಾಯಿತು, ಇನ್ನೇನು ಪ್ರಯೋಜನ ಎಂದು ಕೆಲವರು ಕೈಚೆಲ್ಲುತ್ತಾರೆ. ಅದೂ ಶೈತಾನನ ಇನ್ನೊಂದು ಮುಖ. ಮೊದಲು ಅವನು, ಇನ್ನೂ ಸಮಯವಿದೆ ಎಂದಿದ್ದನು. ಈಗ, ಸಮಯ ಮೀರಿತು ಎನ್ನುತ್ತಾನೆ. ನಿಮಗೆ ಪ್ರಯೋಜನಕಾರಿಯಾದುದನ್ನು ಆಸೆಯಿಂದ ಅರಸಬೇಕು, ಅಲ್ಲಾಹನ ನೆರವು ಬೇಡಬೇಕು, ನಿರುತ್ಸಾಹಗೊಳ್ಳಬಾರದು, ‘ಹಾಗೆ ಮಾಡಿದ್ದರೆ’ ಎಂದು ಕೊರಗಬಾರದು ಎಂಬ ಪ್ರವಾದಿ(ಸ)ರ ಉಪದೇಶ ಮುಸ್ಲಿಮ್‌ನಲ್ಲಿದೆ. ‘ಹಾಗೆ ಮಾಡಿದ್ದರೆ’ ಎಂಬ ಮಾತು ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆಂದೂ ಅವರು ತಿಳಿಸಿದರು. ಕೈಯಲ್ಲಿ ಸಸಿಯಿರುವಾಗ ಲೋಕಾಂತ್ಯ ಸಮೀಪಿಸಿದರೂ, ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕೆಂದು ಕಲಿಸಿದ ಧರ್ಮ ನಮ್ಮದು.

ನಮ್ಮ ನಾಡಿನ ಇತಿಹಾಸವನ್ನೇ ನೋಡಿ. 1321ರಲ್ಲಿ ಜನಿಸಿದ ಹ. ಖ್ವಾಜಾ ಬಂದೇನವಾಝ್‌ರು ತೈಮೂರನ ದಾಳಿಯ ವೇಳೆ 1398ರಲ್ಲಿ ದಿಲ್ಲಿಯನ್ನು ಬಿಟ್ಟರು. ಅವರು ಕಲಬುರಗಿ ತಲುಪುವಾಗ ವಯಸ್ಸು ಎಂಬತ್ತರ ಸಮೀಪ. ಇನ್ನು ವಿಶ್ರಾಂತಿಯ ಕಾಲವೆಂದು ಅವರು ಕೂರಲಿಲ್ಲ. 1422ರಲ್ಲಿ ನಿಧನರಾಗುವವರೆಗೂ ಬೋಧನೆಯನ್ನು ಮುಂದುವರಿಸಿದರು. ಎಂಬತ್ತಕ್ಕೆ ಹೊಸ ಊರಲ್ಲಿ ಆರಂಭಿಸಬಹುದಾದರೆ ಇಪ್ಪತ್ತಕ್ಕೆ ಒಂದು ಪುಸ್ತಕವನ್ನು ಮೊದಲಿನಿಂದ ಆರಂಭಿಸಲಾಗದೇ?

ಪ್ರಿಯ ಸಹೋದರ ಸಹೋದರಿಯರೇ, ಎಲ್ಲಕ್ಕೂ ಮಿಗಿಲಾದ ಒಂದು ಪರೀಕ್ಷೆಯಿದೆ. ಅದರ ವೇಳಾಪಟ್ಟಿಯನ್ನು ಯಾರಿಗೂ ಮುಂಚಿತವಾಗಿ ಕೊಟ್ಟಿಲ್ಲ, ಪೂರಕ ಪರೀಕ್ಷೆಯೂ ಇಲ್ಲ. ಮರಣ ಎದುರಾದಾಗ ಮನುಷ್ಯನು ಸ್ವಲ್ಪವೇ ಕಾಲಾವಕಾಶ ಕೊಟ್ಟರೆ ದಾನ ಮಾಡಿ ಸಜ್ಜನನಾಗುವೆನೆಂದು ಬೇಡಿಕೊಳ್ಳುವುದನ್ನೂ, ಅವಧಿ ಬಂದ ಬಳಿಕ ಯಾರಿಗೂ ಕಾಲಾವಕಾಶ ಸಿಗದೆಂಬುದನ್ನೂ ‘ಅಲ್ ಮುನಾಫಿಕೂನ್’ ಅಧ್ಯಾಯದ ಕೊನೆಯ ಸೂಕ್ತಗಳು ತಿಳಿಸುತ್ತವೆ. ಬದುಕಿರುವಾಗ ‘ನಾಳೆ’ ಎನ್ನುತ್ತಿದ್ದವನು ಅಂದು ಒಂದು ‘ನಾಳೆ’ಗಾಗಿ ಅಂಗಲಾಚುತ್ತಾನೆ. ಇಂದಿನ ಪಾಠವನ್ನು ಇಂದೇ ಓದುವವನು, ಇಂದಿನ ನಮಾಝನ್ನು ಅದರ ಹೊತ್ತಿಗೇ ಮಾಡುವವನು, ಇಂದಿನ ತಪ್ಪಿಗೆ ಇಂದೇ ಕ್ಷಮೆ ಬೇಡುವವನು ಆ ದಿನಕ್ಕೂ ಸಿದ್ಧನಾಗುತ್ತಿರುತ್ತಾನೆ.

ಈ ಲೇಖನ ಓದಿ ಮುಗಿಸಿದ ಬಳಿಕ ಮುಂದಿನ ಅಝಾನ್ ಕೇಳಿಬರುವ ಮುನ್ನ ನಿಮಗೊಂದಿಷ್ಟು ಸಮಯವಿರಬಹುದು. ವಾರಗಳಿಂದ ತಳ್ಳುತ್ತಾ ಬಂದಿರುವ ಆ ಒಂದು ಪುಸ್ತಕ ಯಾವುದೆಂದು ನಿಮಗೇ ಗೊತ್ತು. ಬಿಸ್ಮಿಲ್ಲಾಹ್ ಎಂದು ಅದರ ಮೊದಲ ಪುಟ ತೆರೆಯಿರಿ.

ಅಲ್ಲಾಹನು ನಮ್ಮ ಆಯುಷ್ಯದಲ್ಲೂ ಬಿಡುವಿನಲ್ಲೂ ಸಮೃದ್ಧಿಯನ್ನು ನೀಡಲಿ. ಆಲಸ್ಯದಿಂದಲೂ ನೆಪಗಳಿಂದಲೂ ನಮ್ಮನ್ನು ಕಾಪಾಡಲಿ. ನಮ್ಮ ಮಕ್ಕಳ ಕಲಿಕೆಯನ್ನು ಅವರಿಗೂ ಸಮಾಜಕ್ಕೂ ಪ್ರಯೋಜನಕಾರಿಯಾಗಿಸಲಿ. ಆಮೀನ್.